ಪೌಡರ್ ಮಾಮ ತಿದ್ದಿದ ಮುಖ

ಈಗ ನನ್ನ ಗಂಡ ತೆಗೆದ ಫೋಟೋಗಳನ್ನು ದೊಡ್ಡ ದೊಡ್ಡ ಹಾಲ್‌ಗಳಲ್ಲಿ ತೂಗುಹಾಕುತ್ತಾರೆ. ಬಸ್ಸಿಗೆ ಕಾಯುವವರು, ಚರಂಡಿ ತೆಗೆಯುವವರು, ಪಾಳಿ ಮುಗಿಸಿ ಬರುವ ಹೆಂಗಸರು. ಮಚ್ಚೆ, ಸುಕ್ಕು, ಬೆವರು ಎಲ್ಲ ಇದ್ದ ಹಾಗೇ. ನಗರದ ನಿಜವಾದ ಗುರುತು ಇದೇ ಎಂದು ಓದಿದವರು ತಲೆದೂಗುತ್ತಾರೆ. ಇಂಥ ಕಣ್ಣು ಎಲ್ಲಿಂದ ಬಂತು ಎಂದು ಕೇಳಿದರೆ ಇವರು ಮೂಕಬಸವನ ಹಾಗೆ ನಿಲ್ಲುತ್ತಾರೆ. ನನ್ನ ಬಾಯಿಗೇನೂ ಬೀಗ ಬಿದ್ದಿಲ್ಲ, ನಾನು ಹೇಳುತ್ತೇನೆ.

ಆಗ ಬೀದಿಯ ಮೂಲೆಯಲ್ಲಿ ಇವರದೊಂದು ಸ್ಟುಡಿಯೋ ಇತ್ತು. ಬೀದಿಯ ಮಕ್ಕಳು ಇವರಿಗೆ ಇಟ್ಟ ಹೆಸರು ಪೌಡರ್ ಮಾಮ. ಒಳಗೆ ಹೋಗುವ ಮುಖ ಇದ್ದಿಲಿನಂತಿದ್ದರೂ ಹೊರಬರುವ ಫೋಟೋ ಬೆಣ್ಣೆ. ಗಂಡಿನ ಕಡೆಯವರಿಗೆ ಕಳಿಸಬೇಕು, ಸ್ವಲ್ಪ ಬೆಳ್ಳಗೆ ಮಾಡಿ ಎಂದು ಜನರೇ ಕೇಳುತ್ತಿದ್ದರು. ತಿದ್ದಿದ ಮೇಲೆ ಮೊದಲಿನ ಫೋಟೋವನ್ನು ಕಂಪ್ಯೂಟರಿನಿಂದ ಅಳಿಸಿಬಿಡುವುದು ಇವರ ಪದ್ಧತಿ. ಬೇಡದ್ದು ಜಾಗ ತಿನ್ನುವುದೇಕೆ ಎನ್ನುತ್ತಿದ್ದರು. ಆ ಜಿಪುಣತನಕ್ಕಿಷ್ಟು ಬೆಂಕಿ ಹಾಕ!

ಪಕ್ಕದ ಇಸ್ತ್ರಿ ಅಂಗಡಿಯವಳಿಗೆ ಒಬ್ಬಳೇ ಮಗಳು. ಎಣ್ಣೆಗಪ್ಪು ಬಣ್ಣ. ಚಿಕ್ಕವಳಿದ್ದಾಗ ಕಾದ ಇಸ್ತ್ರಿಪೆಟ್ಟಿಗೆ ತಗುಲಿ ಎಡಗೆನ್ನೆಯ ಮೇಲೆ ಸುಟ್ಟ ಕಲೆ ಉಳಿದಿತ್ತು. ಗಂಡು ನೋಡಲು ಶುರುಮಾಡಿದಾಗ ಇವರು ಅವಳ ಫೋಟೋ ತೆಗೆದು, ಕಲೆ ಅಳಿಸಿ, ಬಣ್ಣ ತಿಳಿ ಮಾಡಿ ಕೊಟ್ಟರು. ತಾಯಿ ಅದನ್ನು ಕಣ್ಣಿಗೊತ್ತಿಕೊಂಡಳು. ಮಗಳು ಮಾತ್ರ, ಇವಳ್ಯಾರೋ ಚೆನ್ನಾಗಿದ್ದಾಳೆ, ಇವಳಿಗೇ ಮದುವೆ ಮಾಡಿ ನನ್ನನ್ನು ಬಿಟ್ಟುಬಿಡಿ ಎಂದು ಇವರನ್ನು ಛೇಡಿಸಿದ್ದಳು.

ಕೆಲವು ತಿಂಗಳಾದ ಮೇಲೆ ಕೆಲಸಕ್ಕೆ ಹೋದವಳು ವಾಪಸ್ಸು ಬರಲಿಲ್ಲ. ಅವಳ ಫೋನೂ ಅವಳ ಜೊತೆಗೇ ಹೋಗಿತ್ತು. ತಾಯಿಯ ಕೈಯಲ್ಲಿ ಉಳಿದದ್ದು ಅದೊಂದೇ ಫೋಟೋ. ನನ್ನ ಗಂಡ ಅದನ್ನೇ ಪೋಸ್ಟರ್ ಮಾಡಿ, ಊಟ ನಿದ್ದೆ ಬಿಟ್ಟು, ನಿಲ್ದಾಣ, ಆಸ್ಪತ್ರೆ, ಕಂಡಕಂಡ ಗೋಡೆಗೆಲ್ಲ ಅಂಟಿಸಿದರು. ಅದರಲ್ಲಿ ಕಲೆ ಇಲ್ಲವೆಂಬುದು ಯಾರಿಗೂ ಹೊಳೆಯಲಿಲ್ಲ. ಅವಳ ಮನೆ ಗೋಡೆಯ ಮೇಲೆ ನೋಡಿ ನೋಡಿ ಆ ಬಿಳಿ ಮುಖ ನಮಗೆಲ್ಲ ಒಗ್ಗಿಹೋಗಿತ್ತು.

ಲಾರಿ ಗುದ್ದಿ, ಪ್ರಜ್ಞೆ ತಪ್ಪಿ, ಹುಡುಗಿ ನಗರದ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದ್ದು ಅಲ್ಲೇ ತೀರಿಕೊಂಡಿದ್ದಳು. ಆ ಗೇಟಿನ ಮೇಲೂ ಇವರು ಅಂಟಿಸಿದ ಪೋಸ್ಟರ್ ಇತ್ತು. ಕೊನೆಗೆ ವಾರಸುದಾರರಿಲ್ಲದ ಹೆಣಗಳ ಚಿತ್ರಗಳನ್ನು ಪೊಲೀಸರು ತೋರಿಸಿದಾಗ, ತಾಯಿ ಒಂದು ಚಿತ್ರದ ಕೆನ್ನೆಯ ಕಲೆಯ ಮೇಲೆ ಬೆರಳಿಟ್ಟು ಕುಸಿದಳು. ಅಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ನಾವು ಆಸ್ಪತ್ರೆಗೆ ಹೋದೆವು. ಅವಳನ್ನು ನೋಡಿಕೊಂಡಿದ್ದ ಆಯಾ ತಲೆ ತಗ್ಗಿಸಿ ಹೇಳಿದಳು: "ಆ ಪೋಸ್ಟರ್ ದಿನಾ ನೋಡ್ತಿದ್ದೆ ಕಣಮ್ಮ. ಅದ್ರಲ್ಲಿರೋಳು ಬೆಳ್ಳಗಿದ್ಲು, ಕೆನ್ನೆ ನುಣ್ಣಗಿತ್ತು. ಬೇರೆ ಯಾರೋ ಅಂದ್ಕೊಂಡೆ." ನನ್ನ ಗಂಡ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಆಮೇಲೊಂದು ದಿನ ಇಸ್ತ್ರಿಯವಳು ಸ್ಟುಡಿಯೋಗೆ ಬಂದಳು. ಬೈಯಲಿಲ್ಲ. ಬೈದಿದ್ದರೆ ಇವರು ಬದುಕಿಕೊಳ್ಳುತ್ತಿದ್ದರೋ ಏನೋ. ಅದೇ ಫೋಟೋ ಚಾಚಿ, ಕಲೆಯನ್ನು ವಾಪಸ್ಸು ಹಾಕಿಕೊಡಿ ಎಂದಳು. ಇವರು ಕಂಪ್ಯೂಟರ್ ಮುಂದೆ ಕೂತರು. ಅವಳು ಪಕ್ಕದಲ್ಲಿ ನಿಂತು, ಇನ್ನೂ ಸ್ವಲ್ಪ ಮೇಲೆ, ಇನ್ನೂ ಕಪ್ಪು ಎಂದು ಹೇಳುತ್ತಾ ಹೋದಳು. ಸಂಜೆಯವರೆಗೆ ಇವರು ತಿದ್ದಿದರು. ಮುಗಿದ ಮೇಲೆ ಅವಳು ಬಹಳ ಹೊತ್ತು ನೋಡಿದಳು.

"ಯಾರ ಮಗಳಿಗೋ ಬರೆ ಹಾಕಿದ ಹಾಗಿದೆ. ಬೇಡ ಬಿಡಿ" ಎಂದು ಹೇಳಿ, ತಾನು ತಂದಿದ್ದ ಫೋಟೋವನ್ನೂ ಮೇಜಿನ ಮೇಲೇ ಬಿಟ್ಟು ಹೊರಟುಹೋದಳು.