ಹಳೇ ಲೆನ್ಸಿನ ಪ್ರಾಧ್ಯಾಪಕರು

ಜಮಖಂಡಿಯ ಕಾಲೇಜಿನಲ್ಲಿ ನನ್ನ ಜೊತೆಗಿದ್ದ ರಸಾಯನಶಾಸ್ತ್ರದ ಪ್ರಾಧ್ಯಾಪಕರು ತಮ್ಮ ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ಮುಧೋಳದ ಮುಚ್ಚಿದ ಸ್ಟುಡಿಯೋದಿಂದ ತಂದ ಹಳೇ ಲೆನ್ಸ್ ಹಾಕುತ್ತಿದ್ದರು. ಅದರ ಫೋಕಸ್ಸನ್ನು ಕೈಯಿಂದಲೇ ತಿರುಗಿಸಿ ಕೂಡಿಸಬೇಕು. ಮೊಬೈಲಿನಲ್ಲಿ ಫೋಟೋ ತೆಗೆಯುವವರನ್ನು ಕಂಡರೆ ಮೂಗು ಮುರಿಯುತ್ತಿದ್ದರು. "ನಿಮ್ದು ಮಷೀನ್ ನೋಡತೈತಿ, ನಂದು ನಾನ ನೋಡ್ತೀನಿ" ಎಂಬ ಮಾತನ್ನು ಸ್ಟಾಫ್ ರೂಮಿನಲ್ಲಿ ದಿನಕ್ಕೊಮ್ಮೆಯಾದರೂ ಕೇಳಬೇಕಿತ್ತು.

ಒಂದು ಭಾನುವಾರ ಅವರ ಬೈಕಿನಲ್ಲಿ ಹಿಪ್ಪರಗಿ ಕಡೆ ಹೋದೆವು. ಕಬ್ಬಿನ ಹೊಲಗಳ ನಡುವಿನ ದಾರಿಯಲ್ಲಿ ಒಬ್ಬ ಅಜ್ಜ ಕುರಿ ಹೊಡೆದುಕೊಂಡು ಬರುತ್ತಿದ್ದ.

"ಅಜ್ಜಾ, ಹಂಗ ನಿಂದ್ರು, ಅಲ್ಲಾಡಬ್ಯಾಡ" ಎಂದು ಪ್ರಾಧ್ಯಾಪಕರು ಎದುರು ನಿಂತು ಲೆನ್ಸ್ ತಿರುಗಿಸತೊಡಗಿದರು. ಒಮ್ಮೆ ಕಿವಿ ಸ್ಪಷ್ಟವಾಗುತ್ತಿತ್ತು, ಒಮ್ಮೆ ಮೀಸೆ.

"ಸಾಹೇಬ್ರ, ಕುರಿ ಹೊಲಾ ಹೊಕ್ಕಾವ್ರಿ" ಎಂದ ಅಜ್ಜ.

"ತಡಿಯೋ, ಈಗ ಕೂಡಾಕತ್ತೈತಿ."

ಕ್ಯಾಮೆರಾ ಕ್ಲಿಕ್ ಎನ್ನುವಷ್ಟರಲ್ಲಿ ಹೊಲದವನು ಬಡಿಗೆ ಹಿಡಿದು ಬಂದ. ಅಜ್ಜನ ರುಮಾಲು ಕಿತ್ತು ಕೆಸರಿಗೆ ಎಸೆದು ಬಾಯಿಗೆ ಬಂದಂತೆ ಬೈದ. ಅಜ್ಜ ನಮ್ಮ ಕಡೆ ಕೈ ತೋರಿಸಿದ. ಪ್ರಾಧ್ಯಾಪಕರು ಲೆನ್ಸನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, "ನಡೀರಿ, ಬಿಸಲೇರಿ ಬೆಳಕ ಕೆಟ್ಟೈತಿ" ಎಂದು ಬೈಕ್ ಚಾಲೂ ಮಾಡಿದರು. ನಾನೂ ಹಿಂದೆ ಹತ್ತಿದೆ.

ಅವರ ಮನೆಗೆ ಕೊನೆಯ ಸಲ ಹೋದಾಗ ಆ ಫೋಟೋ ಪಡಸಾಲೆಯಲ್ಲಿ ತೂಗುತ್ತಿತ್ತು. ಕುರಿಗಳೆಲ್ಲ ಮಸುಕು ಮಸುಕು. ಅಜ್ಜನ ಗಾಬರಿಯ ಕಣ್ಣು ಮಾತ್ರ ಸ್ಪಷ್ಟ. ಬಂದವರೊಬ್ಬರು ಹೊಗಳಿದರು.

"ಹಳ್ಳಿ ಮಂದಿ ಮುಖದಾಗ ಒಂದ ನಮೂನಿ ದುಃಖ ಇರತೈತಿ" ಎಂದರು ಪ್ರಾಧ್ಯಾಪಕರು, "ಅದನ್ನ ಹಿಡಿಯಾಕ ತಾಳ್ಮಿ ಬೇಕ್ರಿ."