ಅವಳು ತಿರುಗಿ ನೋಡಲಿಲ್ಲ ಎಂಬ ನನ್ನ ವಾದ

ಸಿಡ್ನಿಯಲ್ಲಿ ನಾವು ತರಿಸುತ್ತಿದ್ದ ಪತ್ರಿಕೆಯಲ್ಲಿ ಪ್ರತಿ ಶನಿವಾರ ಒಬ್ಬ ವಿಮರ್ಶಕ ನಲವತ್ತರ ದಶಕದ ಸಿನಿಮಾಗಳಿಗೆ ನಕ್ಷತ್ರ ಹಂಚುತ್ತಿದ್ದ. ಹಳೆಯ ಕಪ್ಪುಬಿಳುಪು ಚಿತ್ರಗಳು ಒಂದೊಂದಾಗಿ ಡಿವಿಡಿಯಾಗಿ ಬರುತ್ತಿದ್ದ ಕಾಲ ಅದು. ಆತನಿಗೆ ಆ ದಶಕವೆಂದರೆ ಟೋಪಿ, ಸಿಗರೇಟು, ಒದ್ದೆ ಕರವಸ್ತ್ರ. ನಾನು ಮೂರು ಸಲ ನೋಡಿ ಮೂರು ಸಲವೂ ಮೈಮರೆತಿದ್ದ ಚಿತ್ರಕ್ಕೆ ಆತ ಎರಡು ನಕ್ಷತ್ರ ಕೊಟ್ಟ. ಕ್ವೇಕರ್ಸ್ ಹಿಲ್‌ನ ನಮ್ಮ ಅಡುಗೆಮನೆಯಲ್ಲಿ ಅದನ್ನು ಓದಿದಾಗ ನನ್ನ ಕಾಫಿ ಆರಿಹೋಯಿತು.

ಚಿತ್ರದ ಕೊನೆಯಲ್ಲಿ ಹೊಲಿಗೆ ಕೆಲಸದ ಹೆಂಗಸೊಬ್ಬಳು ಪ್ರಿಯಕರನನ್ನು ಬಂದರಿನಲ್ಲೇ ಬಿಟ್ಟು, ಪೆಟ್ಟಿಗೆ ಹಿಡಿದು ಕಲ್ಲಿನ ಮೆಟ್ಟಿಲು ಹತ್ತಿಹೋಗುತ್ತಾಳೆ. ಮೇಲಿನ ಮೆಟ್ಟಿಲಲ್ಲಿ ಅವಳು ಅವನತ್ತ ತಿರುಗಿ ಕಣ್ಣೀರಿಡುತ್ತಾಳೆ, ಅಲ್ಲಿಗೆ ಚಿತ್ರವೂ ಕರಗಿಹೋಗುತ್ತದೆ ಎಂದು ಆತನ ತೀರ್ಪು.

ಅವಳು ತಿರುಗುವುದೇ ಇಲ್ಲ. ಇದು ನನಗೆ ಗೊತ್ತಿತ್ತು. ಮೈಸೂರಿನಲ್ಲಿ ಎಂ.ಎ. ಓದುವಾಗ ಆ ತಿರುಗದ ಬೆನ್ನಿನ ಮೇಲೆ ನಲವತ್ತು ಪುಟದ ಪ್ರಬಂಧ ಬರೆದಿದ್ದೆ. ನಾನು ಜಾತಕ ನಂಬುವವನಲ್ಲ, ಸಮೀಕ್ಷೆ ನಂಬುವವನಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಇನ್ನೊಬ್ಬರು ಸರಿ ಎಂದದ್ದನ್ನು ಅನುಮಾನಿಸುವುದಕ್ಕೇ ಸಂಬಳ ಪಡೆಯುತ್ತಿದ್ದವನು. ಆ ಬೆನ್ನನ್ನು ಮಾತ್ರ ಒಮ್ಮೆಯೂ ಅನುಮಾನಿಸಿರಲಿಲ್ಲ.

ವಿಮರ್ಶಕರು ಚಿತ್ರವನ್ನೇ ನೋಡಿಲ್ಲ, ನೋಡದೆ ಬರೆಯುವುದು ಓದುಗರಿಗೆ ಮಾಡುವ ಮೋಸ ಎಂದು ಸಂಪಾದಕರಿಗೆ ಇಮೇಲ್ ಬರೆದೆ.

"ಮಾರ್ಟ್‌ಗೇಜ್ ಬಗ್ಗೆ ಬ್ಯಾಂಕ್‌ಗೆ ಲೆಟರ್ ಬರೀರಿ ಅಂದ್ರೆ ಆರು ತಿಂಗಳು ಬೇಕು ನಿಮ್ಗೆ," ಎಂದಳು ಹೆಂಡತಿ. "ಯಾವಳೋ ತಿರುಗಿದ್ಳೋ ಬಿಟ್ಳೋ, ಅದಕ್ಕೆ ಅರ್ಧ ಗಂಟೆ ಸಾಕು."

"ಡ್ಯಾಡ್, ಇಟ್ಸ್ ಜಸ್ಟ್ ಎ ಮೂವಿ," ಎಂದಳು ಮಗಳು.

ಮುಂದಿನ ವಾರ ಪತ್ರಿಕೆಯ ಪತ್ರವಿಭಾಗದ ಹೆಂಗಸು ಫೋನ್ ಮಾಡಿದಳು. ಶನಿವಾರ ನನ್ನ ಹೆಸರಿನೊಂದಿಗೇ ಪತ್ರ ಹಾಕುತ್ತಾರಂತೆ. ಬದಲಾವಣೆ ಇದ್ದರೆ ಶುಕ್ರವಾರ ಮಧ್ಯಾಹ್ನದೊಳಗೆ ತಿಳಿಸಬೇಕಂತೆ. ಏನು ಬದಲಾವಣೆ, ಒಂದಕ್ಷರವೂ ಇಲ್ಲ ಎಂದೆ.

ಆ ವಾರ ಕೆಲಸದ ಮೇಲೆ ಮೆಲ್ಬರ್ನ್‌ಗೆ ಹೋಗಬೇಕಿತ್ತು. ಉಳಿದದ್ದು ವಿಂಡಮ್ ವೇಲ್‌ನಲ್ಲಿ, ಧಾರವಾಡದ ಕಡೆಯ ನನ್ನ ಹಳೆಯ ಗೆಳೆಯನ ಮನೆಯಲ್ಲಿ. ಮೈಸೂರಿನಲ್ಲಿ ನಾವಿಬ್ಬರೂ ಫಿಲಂ ಸೊಸೈಟಿ ನಡೆಸಿದವರು. ಭಾಷಣ ನನ್ನದು, ಪ್ರೊಜೆಕ್ಟರ್ ಅವನದು. ನನ್ನ ಪತ್ರದ ಸುದ್ದಿ ಕೇಳಿದ್ದವನು ಲೈಬ್ರರಿಯಿಂದ ಆ ಡಿವಿಡಿಯನ್ನೇ ತಂದಿಟ್ಟಿದ್ದ. ಗುರುವಾರ ಸಂಜೆ, ಗೆದ್ದವನ ಠೀವಿಯಲ್ಲಿ ಕುಳಿತು ನೋಡಿದೆ.

ಅವಳು ಮೆಟ್ಟಿಲು ಹತ್ತಿದಳು. ಮೇಲಿನ ಮೆಟ್ಟಿಲಲ್ಲಿ ನಿಂತಳು. ತಿರುಗಿದಳು.

ಗೆಳೆಯ ನನ್ನ ಮುಖ ನೋಡಿ ನಗುತ್ತಿದ್ದ. "ತಿರುಗ್ತಾಳಪಾ. ನಂಗ ಗೊತ್ತಿತ್ತು."

"ನಾವು ನೋಡಿದ್ದರಲ್ಲಿ ಇರ್ಲಿಲ್ಲ ಇದು."

"ಎಲ್ಲಿಂದ ಇರ್ತದ? ಆ ತುದೀನ ನಾನ ಕತ್ತರಿಸಿದ್ದೆ."

ರೀಲುಗಳು ತಗಡಿನ ಡಬ್ಬಿಯಲ್ಲಿ ರೈಲಿನಲ್ಲಿ ಬರುತ್ತಿದ್ದವು. ಒಂದು ಊರಿನ ಸೊಸೈಟಿ ನೋಡಿ ಮುಂದಿನ ಊರಿಗೆ ಕಳಿಸಬೇಕು. ಕೈಯಿಂದ ಕೈಗೆ ಹೋಗುತ್ತ ಮೊದಲು ಸವೆಯುವುದು ಕೊನೆಯ ರೀಲಿನ ಬಾಲ. ಹರಿದಷ್ಟನ್ನು ಕತ್ತರಿಸಿ, ಏನೂ ಆಗಿಲ್ಲವೆಂದು ಚೀಟಿ ಬರೆದು ಕಳಿಸುವುದು ಎಲ್ಲ ಊರುಗಳಲ್ಲೂ ನಡೆಯುತ್ತಿದ್ದ ಗುಟ್ಟು. ನನಗೂ ಗೊತ್ತಿದ್ದ ಗುಟ್ಟೇ. ಆದರೂ ನಲವತ್ತು ಪುಟ ಬರೆಯುವಾಗ ಅದು ನೆನಪಾಗಲಿಲ್ಲ.

"ಮತ್ತೆ ನಂಗ್ಯಾಕೋ ಹೇಳ್ಲಿಲ್ಲ?"

"ಯಾವಾಗ ಹೇಳ್ಲಿ? ಹೊರಗ ಬಂದಾಂವ್ನ 'ತಿರುಗಲಿಲ್ಲ ನೋಡು, ತಿರುಗಲಿಲ್ಲ ನೋಡು' ಅಂತ ಕ್ಯಾಂಟೀನ್ ತನಕಾ ಭಾಷಣ ಹೊಡದಿ. ಆಮ್ಯಾಲೆ ಆ ಪ್ರಬಂಧಕ್ಕ ಫಸ್ಟ್ ಕ್ಲಾಸ್ ಬ್ಯಾರೆ ಬಂತು. ಯಾವ ಬಾಯಿಲೆ ಹೇಳ್ಲಿ?"

ಎದ್ದು ಹೋಗಿಬಿಡಬೇಕು ಎನ್ನುವಷ್ಟು ಸಿಟ್ಟು ಬಂತು. ಆದರೆ ಹೋಗುವುದೆಲ್ಲಿಗೆ, ಕಾರು ಅವನದು. ಶನಿವಾರ ಅಚ್ಚಾಗಲಿರುವ ಪತ್ರ ಕಣ್ಣ ಮುಂದೆ ಬಂತು. ಚಿತ್ರ ನೋಡದೆ ಬರೆದ ಮೋಸಗಾರ ಎಂದು ನಾನು ಕರೆದದ್ದು ಯಾರನ್ನು? ಮೂರು ಸಲ ನೋಡಿದೆ ಎನ್ನುತ್ತೇನಲ್ಲ, ಆ ಡಬ್ಬಿ ನಮ್ಮಲ್ಲಿ ಇದ್ದದ್ದೇ ಎರಡು ದಿನ, ದಿನಕ್ಕೆ ಒಂದೇ ಪ್ರದರ್ಶನ. ಮೂರನೆಯದನ್ನು ಯಾವಾಗ ನೋಡಿದೆ?

"ಇನ್ನೊಂದ್ಸಲ ಹಾಕು," ಎಂದೆ.

ಎರಡನೇ ಸಲ ಬೇರೇನೋ ಕಂಡಿತು. ಅವಳು ತಿರುಗುವುದು ಅವನತ್ತ ಅಲ್ಲ. ಭಾರಕ್ಕೆ ಬಲಗೈ ಸೋತಿದೆ. ಪೆಟ್ಟಿಗೆ ಕೆಳಗಿಟ್ಟು, ಎಡಗೈಯಲ್ಲಿ ಎತ್ತಿಕೊಳ್ಳಲು ಮೈ ತಿರುಗಿಸುತ್ತಾಳೆ, ಅಷ್ಟೇ. ಕಣ್ಣು ಒಣಗಿದೆ. ಹಾಗಾದರೆ ವಿಮರ್ಶಕ ಎರಡು ನಕ್ಷತ್ರ ಕೊಟ್ಟದ್ದು ಯಾವ ಕಣ್ಣೀರಿಗೆ? ಹೆಂಗಸು ತಿರುಗಿದಳೆಂದರೆ ಅತ್ತೇ ಇರಬೇಕೆಂದು ಆತ ನಂಬಿದ್ದ, ಅದು ನಲವತ್ತರ ದಶಕವಾದ್ದರಿಂದ. ನನ್ನ ಬೆನ್ನಿನಂತೆ ಆತನ ಕಣ್ಣೀರೂ ನಂಬಿಕೆಯಿಂದ ಬಂದದ್ದು. ಒಂದು ವ್ಯತ್ಯಾಸ: ಆತನ ಮುಂದೆ ಡಿವಿಡಿ ಇತ್ತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಪತ್ರಿಕೆಗೆ ಫೋನ್ ಮಾಡಿದೆ.

"ಪತ್ರ ತೆಗೆದುಬಿಡಲೇ?" ಎಂದು ಪತ್ರವಿಭಾಗದ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದಳು. ದನಿಯಲ್ಲಿ ಸ್ವಲ್ಪ ಆಸೆ ಇತ್ತು.

"ಬೇಡ, ಬದಲಾಯಿಸಿ. ಚಿತ್ರ ನೋಡಿಲ್ಲ ಅನ್ನೋ ಮಾತು ಹೊಡೆದುಹಾಕಿ. ಅವಳು ತಿರುಗುತ್ತಾಳೆ, ನಾನು ಇಷ್ಟು ವರ್ಷ ತಪ್ಪು ತಿಳಿದಿದ್ದೆ ಅಂತ ಬರೀರಿ. ಆದರೆ ಅವನಿಗಾಗಿ ತಿರುಗುವುದಿಲ್ಲ, ಅಳುವುದೂ ಇಲ್ಲ. ಕಣ್ಣು..."

ಕಣ್ಣು ಒಣಗಿತ್ತೇ? ನಿನ್ನೆ ಸಂಜೆ ನೋಡಿದ್ದು. ನಿನ್ನೆ ಸಂಜೆ ನಾನು ಹಾಗೆ ನೋಡಲು ಬಯಸಿಯೂ ಇದ್ದೆ.

ಒಂದು ನಿಮಿಷ ಎಂದು ಅವಳಿಗೆ ಹೇಳಿ, ಫೋನಿಗೆ ಅಂಗೈ ಮುಚ್ಚಿ ಗೆಳೆಯನನ್ನು ಕೂಗಿದೆ. ಅವನು ಟೋಸ್ಟ್ ತಿನ್ನುತ್ತಲೇ ಬಂದು ಡಿಸ್ಕ್ ಹಾಕಿದ. ಕಾಪಿ ಮಾಡುವುದು ಅಪರಾಧ ಎಂಬ ಎಚ್ಚರಿಕೆ ಎರಡು ಸಲ ಬಂತು. ಅದನ್ನು ದಾಟಿಸಲು ಆಗುವುದಿಲ್ಲ.

"ಒಣಗ್ಯಾವಲೇ, ಬರಿ ಅಂತ ಹೇಳ ಆಕಿಗೆ," ಎಂದ.

"ನಿನ್ನ ಮಾತು ನಾನು ನಂಬಲ್ಲ. ಕತ್ತರಿ ಹಿಡಿದವನು ನೀನು."

"ಹಂಗಾರ ನಿನ್ನ ಕಣ್ಣು ನಂಬ್ತೀ ಏನು?"

ಟಿವಿಯ ಹತ್ತಿರ ನೆಲದ ಮೇಲೆ ಕುಳಿತೆ. ಅವನು ಕೊನೆಯ ದೃಶ್ಯಕ್ಕೆ ಓಡಿಸಿದ; ಅವಳು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಫೋನಿನಲ್ಲಿ ಆ ಹೆಂಗಸು, ಸರ್, ಲೈನಿನಲ್ಲಿದ್ದೀರಾ ಎಂದು ಕೇಳುತ್ತಿದ್ದಳು. ಇದ್ದೇನೆ, ಅವಳು ಇನ್ನೂ ಹತ್ತುತ್ತಿದ್ದಾಳೆ ಎಂದೆ.