ಐದನೇ ನಾರ್ಮಲ್

ನಮ್ಮ ಲ್ಯಾಬಿನಲ್ಲಿ ಅವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಅವರಿಗಿಂತ ಹತ್ತು ವರ್ಷ ದೊಡ್ಡವನಾದ ಗೇಟಿನ ವಾಚ್‌ಮನ್ ಕೂಡ ಹಾಗೆಯೇ ಕರೆಯುತ್ತಿದ್ದ. ಆದರೆ ಅವರಿಗೆ ನಿಜವಾದ ತಮ್ಮ ಒಬ್ಬನೇ. ಆ ತಮ್ಮನ ರಕ್ತದಲ್ಲಿದ್ದ ಕಾಯಿಲೆಯನ್ನು ಅಕ್ಕನೇ ಮಾಡಿದ ಪರೀಕ್ಷೆ ಹತ್ತು ತಿಂಗಳು ಮೊದಲೇ ತೋರಿಸಿತ್ತು. ಅಕ್ಕ ಮತ್ತು ನಾನು ಸೇರಿ ಅದರ ಬಾಯಿ ಮುಚ್ಚಿಸಿದೆವು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ವಿಭಾಗದ ಮೇಲಿನ ಮಹಡಿಯಲ್ಲಿ ನಮ್ಮವು ಎರಡು ಕೋಣೆ. ಕೆಳಗಿನಿಂದ ಸದಾ ಬಿಸಿ ಸೋಪಿನ ವಾಸನೆ. ಒಂದು ಕೋಣೆಯಲ್ಲಿ ಫ್ರೀಜರು ಮತ್ತು ಅಕ್ಕನ ಮೇಜು. ಇನ್ನೊಂದರಲ್ಲಿ ಕತ್ತಲೆ, ನಾನು, ನನ್ನ ಯಂತ್ರ. ಯಂತ್ರದ ಕೆಲಸ ಬೆಳಕನ್ನು ಓದುವುದು. ನನ್ನ ಕೆಲಸ ಅದು ಮುನಿಸಿಕೊಳ್ಳದಂತೆ ನೋಡಿಕೊಳ್ಳುವುದು. ನಮ್ಮ ಮೇಲೊಬ್ಬರು ಸಾಹೇಬರಿದ್ದರು. ತಿಂಗಳಲ್ಲಿ ಹದಿನೈದು ದಿನ ಸಭೆಗಳಲ್ಲಿರುತ್ತಿದ್ದರು, ಉಳಿದ ಹದಿನೈದು ದಿನ ಆ ಸಭೆಗಳ ವಿಷಯ ಹೇಳಿ ನಮ್ಮ ತಲೆ ತಿನ್ನುತ್ತಿದ್ದರು.

ಅಕ್ಕ ದೊಡ್ಡ ಓದು ಓದಿದವರಲ್ಲ. ಅಮ್ಮ ತೀರಿಕೊಂಡಾಗ ಅವರಿಗೆ ಹದಿನೇಳು, ತಮ್ಮನಿಗೆ ನಾಲ್ಕು. ಕಾಲೇಜು ಬಿಟ್ಟು ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದರು. ತಮ್ಮನನ್ನು ಬಿಟ್ಟು ಬರಲು ಯಾರೂ ಇಲ್ಲದ್ದರಿಂದ ಅವನು ಮೇಜಿನ ಕೆಳಗೆ ಕೂತು ರಬ್ಬರ್ ಬಿರಡೆಗಳನ್ನು ಜೋಡಿಸಿ ಆಡುತ್ತಿದ್ದನಂತೆ. ಮದುವೆಯ ಮಾತು ಬಂದಾಗಲೆಲ್ಲ "ಇವನೊಬ್ಬ ದಡ ಸೇರಲಿ" ಎಂದರು. ಅವನು ದಡ ಸೇರುವ ಹೊತ್ತಿಗೆ ಆ ಮಾತು ಎತ್ತುವವರೇ ಉಳಿದಿರಲಿಲ್ಲ. ತೊಳೆಯುತ್ತ ನೋಡಿದರು, ನೋಡುತ್ತ ಕಲಿತರು. ನಾನು ಕೆಲಸಕ್ಕೆ ಸೇರುವಾಗ ಪ್ರೋಬ್ ಮಾಡುವುದರಲ್ಲಿ ಅವರದು ಎತ್ತಿದ ಕೈ. ಸಾಹೇಬರ ಹೆಸರಿನಲ್ಲಿ ಹೊರಗೆ ಹೋದ ಎಷ್ಟೋ ಕೆಲಸ ಅಕ್ಕನದು. ಅದರ ಬಗ್ಗೆ ನಾನು ಕೆಂಡ ಕಾರುತ್ತಿದ್ದೆ, ಅವರು ನಗುತ್ತಿದ್ದರು.

ಪ್ರೋಬ್ ಅಂದರೆ ಕೂದಲಿಗೆ ಸಿಕ್ಕಿಸುವ ಪಿನ್ನಿನಂತೆ ಮಡಚಿಕೊಂಡಿರುವ ಒಂದು ಅಣು. ಗಡ್ಡೆಯೊಂದು ರಕ್ತಕ್ಕೆ ಉದುರಿಸುವ ಚೂರು ಅದಕ್ಕೆ ಎದುರಾದರೆ ಪಿನ್ನು ಬಿಚ್ಚಿಕೊಂಡು ಚೂರಿಗೆ ಅಂಟುತ್ತದೆ, ಹಸಿರಾಗಿ ಹೊಳೆಯುತ್ತದೆ. ಚೂರು ಇಲ್ಲದಿದ್ದರೆ ಮಡಚಿಕೊಂಡೇ ಇರುತ್ತದೆ, ಬೆಳಕಿಲ್ಲ. ಹೇಳಲು ಎರಡು ಸಾಲು, ಮಾಡಲು ಅಕ್ಕನಿಗೆ ಆರು ವರ್ಷ ಹಿಡಿಯಿತು. ಅವರು ಬೆನ್ನು ಹತ್ತಿದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು. ಹೊಟ್ಟೆಯ ಹಿಂದೆ ಬೆನ್ನಿಗೆ ಒತ್ತಿಕೊಂಡಿರುವ ಗ್ರಂಥಿ ಅದು. ಅಲ್ಲಿ ಏನಾದರೂ ಆಗಿದೆ ಎಂದು ಗೊತ್ತಾಗುವ ಹೊತ್ತಿಗೆ ಸಾಮಾನ್ಯವಾಗಿ ಕಾಲ ಮಿಂಚಿರುತ್ತದೆ. ಬೇಗ ಹಿಡಿದರೆ ಕತ್ತರಿಸಿ ತೆಗೆಯಬಹುದು. ಬೇಗ ಹಿಡಿಯಬೇಕು ಎಂಬುದೊಂದೇ ಅಕ್ಕನ ಹಠ.

ಇಂಥ ಪರೀಕ್ಷೆ ಸರಿಯಿದೆಯೇ ಎಂದು ನೋಡಲು ರೋಗಿಗಳ ರಕ್ತ ಸಾಲದು, ಆರೋಗ್ಯವಂತರದ್ದೂ ಬೇಕು. ರೋಗಿಯದು ಹೊಳೆಯಬೇಕು, ಆರೋಗ್ಯವಂತರದು ಹೊಳೆಯಬಾರದು. ದೊಡ್ಡ ಲ್ಯಾಬುಗಳಲ್ಲಿ ಅದಕ್ಕೆ ಏನೇನೋ ವ್ಯವಸ್ಥೆ ಇರುತ್ತದೆ. ನಮ್ಮಂಥ ಕಡೆ ಕೈಗೆ ಸಿಕ್ಕವರ ತೋಳೇ ಗತಿ. ಮೊದಲನೇ ನಾರ್ಮಲ್ ಅಕ್ಕ, ಎರಡನೆಯದು ನಾನು, ಮೂರು ಕಸ ಗುಡಿಸುವಾಕೆ, ನಾಲ್ಕು ವಾಚ್‌ಮನ್, ಐದು ತಮ್ಮ. ಅವನು ಬಡಗಿ, ಬಾಗಿಲು ಕಿಟಕಿ ಮಾಡುವವನು, ಮೂವತ್ತೆಂಟು ವರ್ಷದ ಗಟ್ಟಿ ಆಳು. ಪ್ರತಿ ತಿಂಗಳ ಮೊದಲ ಶನಿವಾರ ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು ಬರುತ್ತಿದ್ದ.

"ಬಾರಪ್ಪಾ ಐದನೇ ನಾರ್ಮಲ್ಲು" ಎಂದು ನಾನು ಕಾಲೆಳೆದರೆ, "ಸ್ಕೂಲಲ್ಲಿ ಒಬ್ಬ ಮೇಷ್ಟ್ರೂ ನನ್ನ ನಾರ್ಮಲ್ ಅಂದಿರ್ಲಿಲ್ಲ ಅಣ್ಣ. ನೀವು ಚೀಟಿ ಬರ್ದು ಅಂಟಿಸ್ತೀರಲ್ಲ, ಅಷ್ಟು ಸಾಕು" ಎನ್ನುತ್ತಿದ್ದ.

ಆ ಐದನೇ ನಾರ್ಮಲ್ ಹೊಳೆಯತೊಡಗಿತು. ಜೋರಾಗಿ ಅಲ್ಲ. ನಮ್ಮ ನಾಲ್ವರದು ಇನ್ನೂರರ ಆಸುಪಾಸು ಓದಿದರೆ ಅವನದು ಮುನ್ನೂರ ನಲವತ್ತು. ಮತ್ತೆ ಮಾಡಿದೆವು, ಅಷ್ಟೇ ಬಂತು. ಸಾಹೇಬರು ಕಾಗದ ನೋಡಿ, "ಹಿನ್ನೆಲೆ ಇದು. ಆರೋಗ್ಯವಂತನ ರಕ್ತದಲ್ಲಿ ಹೊಳೆಯೋ ಟೆಸ್ಟನ್ನ ಯಾರು ನಂಬ್ತಾರೆ? ತೆಗೀರಿ ಅದನ್ನ" ಎಂದರು. ಹಿನ್ನೆಲೆ ಅಂದರೆ ನಮ್ಮ ಭಾಷೆಯಲ್ಲಿ ಅರ್ಥವಿಲ್ಲದ ಹೊಳಪು, ಪ್ರೋಬ್ ಸುಮ್ಮನೆ ಬಿಚ್ಚಿಕೊಂಡು ಮಾಡುವ ಗಲಾಟೆ. ಸಾಹೇಬರ ಮಾತನ್ನು ಒಪ್ಪದಿರುವುದು ನನ್ನ ಚಾಳಿ, ಆದರೆ ಅವತ್ತು ಒಪ್ಪಿದೆ. ಅಕ್ಕನೂ ಒಪ್ಪಿದರು. ಕಲ್ಲು ತಿಂದರೂ ಕರಗಿಸಿಕೊಳ್ಳುವ ಆಳು ಎದುರಿಗೇ ನಿಂತು ನಗುತ್ತಿರುವಾಗ ಬೇರೇನು ತೋಚೀತು?

ಮೊದಲು ವಾರ್ನಿಶ್ ಮೇಲೆ ಅನುಮಾನ ಬಂತು. ಬಾಗಿಲಿಗೆ ಬಳಿಯುವ ಆ ದ್ರವದ ಹೊಗೆ ರಕ್ತಕ್ಕೆ ಸೇರಿ ಪ್ರೋಬನ್ನು ಕೆಣಕುತ್ತಿರಬಹುದು ಎಂದು ಅಕ್ಕ ಅವನಿಗೆ ಒಂದು ವಾರ ವಾರ್ನಿಶ್ ಮುಟ್ಟಬೇಡ ಎಂದರು. ಒಪ್ಪಿಕೊಂಡಿದ್ದ ಕೆಲಸ ಬಿಟ್ಟು ಅವನು ಮನೆಯಲ್ಲಿ ಕೂತ. ರಕ್ತ ಹೊಳೆಯಿತು. ಚಹಾ ಬಿಡಿಸಿದರು. ಹೊಳೆಯಿತು. ಆಮೇಲೆ ಪಿನ್ನಿನ ಕಾಲುಗಳನ್ನು ಒಂದೊಂದು ಕೊಂಡಿಯಷ್ಟು ಉದ್ದ ಮಾಡಿ, ಸುಲಭಕ್ಕೆ ಬಿಚ್ಚದಂತೆ ಬಿಗಿ ಮಾಡಿದರು. ಅವನ ಅಂಕಿ ಇಳಿಯಿತು. ಮರುತಿಂಗಳು ಹೊಸ ರಕ್ತ ತಂದರೆ ಮತ್ತೆ ಏರಿತು. ಮತ್ತೆ ಬಿಗಿ ಮಾಡಿದರು, ಮತ್ತೊಂದು ತಿಂಗಳಿಗೆ ಮತ್ತೆ ಏರಿತು. ಅದು ಏಕೆ ತಿಂಗಳಿಂದ ತಿಂಗಳಿಗೆ ಏರುತ್ತಿದೆ ಎಂದು ನಾವು ಕೇಳಿಕೊಳ್ಳಲಿಲ್ಲ. ಹಠಮಾರಿ ಹಿನ್ನೆಲೆ ಎಂದು ಬೈದೆವು. ಅಕ್ಕ ತಮ್ಮ ಪುಸ್ತಕದಲ್ಲಿ ಹಾಗೆಯೇ ಬರೆದರು ಕೂಡ.

ಆ ದಿನಗಳಲ್ಲಿ ಅವನು ಸೊಂಟದ ಮೇಲೆ ಕೈ ಇಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದ. "ಬೆನ್ನು ಹಿಡ್ಕೊಂಡಿದೆ ಅಕ್ಕ, ಸಾಗುವಾನಿ ಬಾಗಿಲು ಎತ್ತಿ ಎತ್ತಿ" ಎಂದರೆ, ಅಕ್ಕ "ಒಬ್ಬನೇ ಎತ್ತಬೇಡ ಅಂತ ಎಷ್ಟು ಸಲ ಹೇಳ್ಬೇಕೋ ಪುಟ್ಟ" ಎಂದು ಗದರಿ ಸೂಜಿ ಚುಚ್ಚುತ್ತಿದ್ದರು.

ಒಂಬತ್ತನೇ ತಿಂಗಳು ನಾನು ಬುದ್ಧಿ ಹೇಳಿದೆ. "ಯಂತ್ರದ ಬಿಸಿ ನಾಲ್ಕು ಡಿಗ್ರಿ ಏರಿಸೋಣ ಅಕ್ಕ. ಅರೆಬರೆ ಅಂಟಿರೋದೆಲ್ಲ ಬಿಟ್ಟುಹೋಗುತ್ತೆ." ಏರಿಸಿದೆವು. ಐದನೇ ನಾರ್ಮಲ್ ಇನ್ನೂರಕ್ಕೆ ಇಳಿದು ತೆಪ್ಪಗೆ ಕೂತಿತು. ಜೊತೆಗೆ ಇಬ್ಬರು ರೋಗಿಗಳ ಮಂದ ಹೊಳಪೂ ಆರಿಹೋಯಿತು. ಎರಡು ಹೋದರೆ ಹೋಗಲಿ ಎಂದರು ಸಾಹೇಬರು. ಅವತ್ತು ನಾನು ಸೀಟಿ ಹೊಡೆಯುತ್ತ ಮನೆಗೆ ಹೋದೆ.

ಮರುತಿಂಗಳ ಶನಿವಾರ ಬೆಳಿಗ್ಗೆ ಕಿಟಕಿಯ ಪಕ್ಕ ಕೂರಿಸಿ ರಕ್ತ ತೆಗೆಯುತ್ತಿದ್ದ ಅಕ್ಕ ಸೂಜಿಯನ್ನು ಅರ್ಧಕ್ಕೇ ಹೊರಗೆಳೆದರು.

"ಪುಟ್ಟ, ಬೆಳಕಿನ ಕಡೆ ತಿರುಗು. ಕಣ್ಣು ಅಗಲಿಸು."

ಬಿಳಿ ಇರಬೇಕಾದ ಕಡೆ ಹಳದಿ ಇತ್ತು. ಮೂರು ದಿನದಲ್ಲಿ ಸ್ಕ್ಯಾನ್ ಆಯಿತು. ಕಾಯಿಲೆ ಗ್ರಂಥಿಯಲ್ಲಿ ಶುರುವಾಗಿ ಲಿವರಿಗೂ ಹರಡಿದೆ, ಆಪರೇಷನ್ ಸಾಧ್ಯವಿಲ್ಲ ಎಂದರು ಡಾಕ್ಟರು.

ಮರುದಿನ ಅಕ್ಕ ಎಂದಿನಂತೆ ಕೆಲಸಕ್ಕೆ ಬಂದರು. ಯಾರೊಡನೆಯೂ ಮಾತಾಡದೆ ಫ್ರೀಜರಿನಿಂದ ಐದನೇ ನಾರ್ಮಲ್ಲಿನ ಹಳೆಯ ಕೊಳವೆಗಳನ್ನೆಲ್ಲ ತೆಗೆದು ಸಾಲಾಗಿ ಇಟ್ಟರು. ಇನ್ನೂ ಬಿಗಿ ಮಾಡಿರದ ಮೊದಲ ಪ್ರೋಬನ್ನು ಹುಡುಕಿ ತೆಗೆದರು. "ಬಿಸಿ ಮೊದಲಿನಷ್ಟೇ ಇಡಿ" ಎಂದರು ನನಗೆ. ಫಲಿತಾಂಶದ ಕಾಗದವನ್ನು ಯಂತ್ರದಿಂದ ಹರಿದುಕೊಂಡೆ.

"ಓದಿ ಹೇಳಿ."

ಮುನ್ನೂರ ನಲವತ್ತು. ನಾನೂರ ಹತ್ತು. ಐನೂರು. ನಾನು ಓದುತ್ತಾ ಹೋದೆ. ಕೊನೆಯದು ಎರಡು ಸಾವಿರ ದಾಟಿತ್ತು. ಒಂದೂ ಹಿಂದೆ ಸರಿದಿರಲಿಲ್ಲ. ಅಕ್ಕ ಕತ್ತಲೆ ಕೋಣೆಯ ನೆಲದ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ನಾನು ಅವರ ಪಕ್ಕ ಕೂರಬೇಕಿತ್ತು. ಯಂತ್ರವನ್ನು ಒರೆಸುತ್ತಾ ನಿಂತೆ.

ಹತ್ತು ತಿಂಗಳು ನಾವು ಕೊಳವೆಯ ಮೇಲೆ ನಮ್ಮ ಕೈಯಾರೆ ಬರೆದಿದ್ದ 'ನಾರ್ಮಲ್' ಎಂಬ ಮಾತನ್ನು ನಂಬಿದ್ದೆವು. ಎದೆಯ ಮೇಲೆ ಕಲ್ಲು ಹೇರಿದ ಹಾಗೆ ಆ ಮಾತು ಇವತ್ತಿಗೂ ನನ್ನ ಮೇಲಿದೆ.

ಅವನಿಗೆ ಹೇಳಬೇಕೋ ಬೇಡವೋ ಎಂಬುದೊಂದೇ ಉಳಿದದ್ದು. ಆಸ್ಪತ್ರೆಯ ವಾರ್ಡಿನಲ್ಲಿ ಅವನು ನರ್ಸುಗಳಿಗೆಲ್ಲ "ನಮ್ಮಕ್ಕ ಇದೇ ಕಾಯಿಲೆಗೆ ಟೆಸ್ಟ್ ಕಂಡುಹಿಡಿದಿದಾಳೆ" ಎಂದು ಹೇಳಿಕೊಳ್ಳುತ್ತಿದ್ದ. ಅದನ್ನು ಕೇಳಿದಾಗಲೆಲ್ಲ ಅಕ್ಕ ಕಿಟಕಿಯ ಕಡೆ ತಿರುಗುತ್ತಿದ್ದರು.

"ಹೇಳ್ಬೇಡಿ" ಎಂದೆ. "ಏನು ಪ್ರಯೋಜನ? ಇರೋ ನಾಲ್ಕು ದಿನ ನೆಮ್ಮದಿಯಾಗಿರ್ಲಿ." ನನ್ನ ಮಾತಿನಲ್ಲಿ ಅವನ ನೆಮ್ಮದಿ ಎಷ್ಟಿತ್ತು, ನನ್ನದು ಎಷ್ಟಿತ್ತು ಎಂದು ನನಗೆ ಗೊತ್ತು.

"ಅವನ ರಕ್ತ, ಅವನ ವಿಷಯ" ಎಂದರು ಅಕ್ಕ. "ಅವನಿಗೆ ಗೊತ್ತಿಲ್ದೆ ಅದನ್ನ ಮುಚ್ಚಿಟ್ಟಿದ್ದು ಒಂದು ಸಲ ಸಾಕು."

ಒಂದು ಮಧ್ಯಾಹ್ನ ಅವನ ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದಾಗ ಅಕ್ಕ ಒಳಗೆ ಹೋದರು. ನಾನು ಬಿಸಿನೀರಿನ ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ನಿಂತೆ.

"ಪುಟ್ಟ, ನಿನ್ನ ಕಾಯಿಲೆ ನನ್ನ ಟೆಸ್ಟಲ್ಲಿ ಹತ್ತು ತಿಂಗಳ ಹಿಂದೇನೇ ಕಂಡಿತ್ತು. ಟೆಸ್ಟೇ ತಪ್ಪು ಅಂದ್ಕೊಂಡೆ. ಸರಿ ಮಾಡೋಕೆ ಹೋಗಿ ಕಾಣದ ಹಾಗೆ ಮಾಡ್ದೆ."

ಅವನು ಮಂಚಕ್ಕೆ ಕೈಯೂರಿ ಎದ್ದು ಕೂತ.

"ಆಗ್ಲೇ ಗೊತ್ತಾಗಿದ್ದಿದ್ರೆ ಉಳೀತಿದ್ನಾ?"

"ಉಳಿಯೋ ಸಾಧ್ಯತೆ ಇತ್ತು."

"ಎಷ್ಟು?"

"ತುಂಬಾ ಇತ್ತು ಕಣೋ."

"ಕಾಣದ ಹಾಗೆ ಮಾಡಿ ಅಂತ ಯಾರು ಹೇಳಿದ್ದು? ನಿಮ್ಮ ಸಾಹೇಬ್ರಾ?"

"ಯಾರೂ ಅಲ್ಲ. ನಾನೇ ಮಾಡಿದ್ದು."

ನಾಲ್ಕು ಡಿಗ್ರಿ ನನ್ನದು. ಬಾಗಿಲಿನಿಂದ ಮಂಚಕ್ಕೆ ಆರು ಹೆಜ್ಜೆ ಇತ್ತು. ನಾನು ಹೋಗಲಿಲ್ಲ.

"ಸಿಟ್ಟು ಬರ್ತಿದೆ ಅಕ್ಕ" ಎಂದ ಅವನು. "ಆಚೆ ಹೋಗು."

ಅವರು ಹೊರಗಿನ ಬೆಂಚಿನ ಮೇಲೆ ಮರುದಿನ ಮಧ್ಯಾಹ್ನದವರೆಗೂ ಕೂತರು. ನಾನು ಚಹಾ ತಂದುಕೊಟ್ಟರೆ ಕುಡಿದರು, ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಉಸಿರಾಡಲು ಸುಲಭವಾಗುತ್ತಿತ್ತು. ಆಮೇಲೆ ಅವನು ಕರೆಸಿದ. ಒಳಗೆ ಏನಾಯಿತೆಂದು ಅಕ್ಕ ನನಗೆ ಮೆಟ್ಟಿಲ ಮೇಲೆ ಹೇಳಿದರು, ನಾನೂ ಬಾಯಿ ಬಿಡಬಾರದು ಎನ್ನುವ ಕಾರಣಕ್ಕೆ.

"ಇವಳಿಗೆ ಹೇಳ್ಬೇಡ" ಎಂದಿದ್ದನಂತೆ, ಹೆಂಡತಿಯ ವಿಷಯ. "ಅವಳಿಗೆ ತವರಿಲ್ಲ. ನಾನು ಹೋದ್ಮೇಲೆ ನೀನೊಬ್ಬಳೇ. ನಿನ್ನ ಮುಖ ನೋಡೋಕೆ ಆಗದ ಹಾಗಾದ್ರೆ ಎಲ್ಲಿಗೆ ಹೋಗ್ತಾಳೆ?"

"ಹೇಳ್ದೆ ಹೇಗೋ ಇರ್ಲಿ, ಪುಟ್ಟ?"

"ಇರ್ಬೇಕು. ಅದನ್ನಾದ್ರೂ ಮಾಡು."

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ಹತ್ತೊಂಬತ್ತು ದಿನ ಬದುಕಿದ್ದ, ಅಕ್ಕನ ಕೈಯಿಂದ ಚಮಚದಲ್ಲಿ ನೀರು ಕುಡಿದ, ಕೊನೆಕೊನೆಗೆ ಅವರ ಬೆರಳು ಹಿಡಿದು ಮಲಗುತ್ತಿದ್ದ. ಆದರೆ ಆ ಒಂದು ಮಾತು ಹೇಳಲಿಲ್ಲ. ಅಕ್ಕ ಕೇಳಲೂ ಇಲ್ಲ.

ಅವನು ಹೋದ ಮೇಲೆ ಅಕ್ಕ ಸಾಹೇಬರ ಎದುರು ಕಾಗದ ಇಟ್ಟು, ಬಿಗಿ ಮಾಡಿದ ಪ್ರೋಬನ್ನು ಎಸೆದು ಮೊದಲಿನದಕ್ಕೇ ಹಿಂತಿರುಗಬೇಕು ಎಂದರು. ಸಾಹೇಬರು ಕೂಗಾಡಿದರು. ಅಕ್ಕ ಜಗ್ಗಲಿಲ್ಲ. ಐದನೇ ನಾರ್ಮಲ್ಲಿನ ಹತ್ತೂ ಅಂಕಿಗಳನ್ನು ವರದಿಯಲ್ಲಿ ಸೇರಿಸಿದರು, ಅವನ್ನು ಹಿನ್ನೆಲೆ ಎಂದು ತಪ್ಪು ತಿಳಿದದ್ದು ತಾನೇ ಎಂದು ಬರೆದು ಸಹಿ ಹಾಕಿದರು. ಅಲ್ಲಿಯೂ ನನ್ನ ಹೆಸರಿಲ್ಲ. ಮುಂದಿನ ವರ್ಷ ಆ ಪರೀಕ್ಷೆಯಲ್ಲಿ ಒಬ್ಬ ಶಾಲಾ ಶಿಕ್ಷಕಿಯ ರಕ್ತ ಮುನ್ನೂರ ಅರವತ್ತು ತೋರಿಸಿತು. ಸ್ಕ್ಯಾನ್ ಮಾಡಿದರೆ ಕಡಲೆಕಾಳಿನಷ್ಟು ಗಡ್ಡೆ. ತೆಗೆದರು. ಆಕೆ ಈಗ ಪಾಠ ಮಾಡುತ್ತಿದ್ದಾರೆ.

ಅಕ್ಕ ಈಗ ತಮ್ಮನ ಹೆಂಡತಿಯ ಜೊತೆಯಲ್ಲೇ ಇದ್ದಾರೆ. ಹೋದ ಭಾನುವಾರ ಮಧ್ಯಾಹ್ನ ಹೋಗಿದ್ದೆ. ಆಕೆ ಚಹಾ ಕೊಟ್ಟು, ಒಣಗಿದ ಬಟ್ಟೆ ಮಡಚಲು ಕೂತರು. ಅಕ್ಕ ಎದುರಿಗೆ ಕೂತು ಚಾದರದ ಇನ್ನೊಂದು ತುದಿ ಹಿಡಿದುಕೊಂಡರು. ಶಿಕ್ಷಕಿಯ ವಿಷಯ ಆಕೆಯ ಕಿವಿಗೂ ಬಿದ್ದಿತ್ತು.

"ಕೇಳಿ ಎಷ್ಟು ಖುಷಿಯಾಯ್ತು ಗೊತ್ತಾ ಅಕ್ಕ" ಎಂದರು ಆಕೆ. "ನಿಮ್ಮ ಟೆಸ್ಟು ಒಂದು ವರ್ಷ ಮುಂಚೆ ಆಗಿದ್ದಿದ್ರೆ ಇವರೂ ಇರ್ತಿದ್ರು. ಅಲ್ವಾ?"

"ಹೌದಮ್ಮ" ಎಂದರು ಅಕ್ಕ.

"ಅಕ್ಕ ಇದನ್ನೇ ಮನಸಿಗೆ ಹಚ್ಕೊಂಡಿದಾರೆ, ಊಟಾನೇ ಸರಿಯಾಗಿ ಮಾಡಲ್ಲ" ಎಂದು ಆಕೆ ನನ್ನ ಕಡೆ ತಿರುಗಿದರು. "ಇವರ ಕೈಲಿ ಏನಾಗುತ್ತೋ ಅದನ್ನೆಲ್ಲ ಮಾಡಿದ್ರು. ನೀವು ಜೊತೆಗೇ ಇದ್ದವರು, ನೀವಾದ್ರೂ ಹೇಳಿ ಅಣ್ಣ."

ಅಕ್ಕ ಚಾದರದಿಂದ ತಲೆ ಎತ್ತಲಿಲ್ಲ.

"ಹೌದಮ್ಮ" ಎಂದೆ ನಾನು. "ಎಲ್ಲಾ ಮಾಡಿದ್ರು."